ಗಾರೆಯ ಒಳಗೆ ಮುಚ್ಚಿಹೋಗುವ ಮಾತುಗಳು



ಎಂಟು ವರ್ಷದ ಹಿಂದೆ ಒಂದು ಬೆಳಿಗ್ಗೆ ನನ್ನ ತಂಗಿಯ ಫೋನು ಬಂತು. ಹಿಂದೆ ಕಾಂಕ್ರೀಟ್ ಮಿಕ್ಸರಿನ ಗಡಗಡ ಸದ್ದು. ಅದರ ಮೇಲೆ ಅವಳು ಕೂಗಿ ಮಾತಾಡುತ್ತಿದ್ದಳು. "ಅಣ್ಣಾ, ಇವತ್ತು ಮೋಲ್ಡ್ ಹಾಕ್ತಿದಾರೆ. ಮಾಲು ಗಟ್ಟಿ ಬರ್ತಿದೆ, ಹರಡೋಕಾಗಲ್ಲ, ಇನ್ನೆರಡು ಬಕೆಟ್ ನೀರು ಬಿಡಿ ಅಂತ ಮೇಲಿನವರು ಕೂಗ್ತಿದಾರೆ. ನೀರು ಕುಡಿದಷ್ಟೂ ಸಿಮೆಂಟು ಗಟ್ಟಿಯಂತೆ. ಹೌದಾ?"

ಬೇಡ, ಬಿಡಬಾರದು ಅಂದೆ.

"ಸರಿ. ಆದ್ರೆ ಅವರಿಗೆ ಏನಂತ ಹೇಳ್ಲಿ?"

ಮೂವತ್ತು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಕಟ್ಟಡ ನಿರ್ಮಾಣದ ಪಾಠ ಹೇಳಿದವನು ನಾನು. ತಂಗಿ ಮತ್ತು ಭಾವ ಇಪ್ಪತ್ತು ವರ್ಷ ಕೂಡಿಟ್ಟ ಹಣ ಆ ದಿನ ಆ ಮಿಕ್ಸರಿನೊಳಗೆ ತಿರುಗುತ್ತಿತ್ತು. ಅವಳಿಗೆ ಅನುಮಾನ ಬಂದಿತ್ತು, ಅದು ಸರಿಯಾದ ಅನುಮಾನವೇ ಆಗಿತ್ತು. ಅದನ್ನು ಕೆಲಸದವರ ಮುಂದಿಡಲು ಅವಳ ಬಳಿ ಒಂದು ಪದ ಇರಲಿಲ್ಲ. ಅಂದಿನಿಂದ ಮನಸ್ಸಿನಲ್ಲಿ ಕೂತಿದ್ದ ವಿಷಯವನ್ನೇ ಇವತ್ತು ಆರಿಸಿಕೊಂಡಿದ್ದೇನೆ: ಮನೆ ಕಟ್ಟಿಸುವವರಿಗೆ, ರಿಪೇರಿ ಮಾಡಿಸುವವರಿಗೆ ಬೇಕಾದ ಮಾತುಗಳು.

ಆ ನೀರಿನಿಂದಲೇ ಶುರುಮಾಡುತ್ತೇನೆ. ಮನೆ ಕಟ್ಟುವಲ್ಲಿ ನೀರು ಎರಡು. ಒಂದು ಕಲಸುವ ನೀರು, ಇನ್ನೊಂದು ಕುಡಿಸುವ ನೀರು. ಕಲಸುವ ನೀರಿಗೆ ಅಳತೆ ಇದೆ. ಮನೆಗಳಿಗೆ ಸಾಮಾನ್ಯವಾಗಿ ಹಾಕುವ ಎಂ-20 ಕಾಂಕ್ರೀಟನ್ನು ಸೈಟಿನಲ್ಲೇ ಅಳತೆಯ ಲೆಕ್ಕದಲ್ಲಿ ಕಲಸುವುದಾದರೆ, 50 ಕಿಲೋ ಚೀಲವೊಂದಕ್ಕೆ ಹೆಚ್ಚೆಂದರೆ 30 ಲೀಟರ್ ಎನ್ನುತ್ತದೆ ಭಾರತೀಯ ಮಾನಕ ಸಂಸ್ಥೆಯ 456ನೇ ಸಂಹಿತೆ. ಮರಳು ಒದ್ದೆಯಾಗಿದ್ದರೆ ಅದರಲ್ಲಿರುವ ನೀರೂ ಈ ಲೆಕ್ಕಕ್ಕೇ ಸೇರಬೇಕು. ಹೆಚ್ಚಾಗಿ ಸುರಿದ ನೀರು ಸಿಮೆಂಟಿನ ಜೊತೆ ಕೂಡುವುದಿಲ್ಲ. ಅದು ಆರಿಹೋಗುವಾಗ ಹಿಂದೆ ಕಣ್ಣಿಗೆ ಕಾಣದ ತೂತುಗಳನ್ನು ಬಿಟ್ಟು ಹೋಗುತ್ತದೆ. ಎಂ-20 ಎಂಬುದರಲ್ಲಿರುವ 20 ಏನೆಂದರೆ, ಹಾಕಿದ 28ನೇ ದಿನಕ್ಕೆ ಆ ಕಾಂಕ್ರೀಟು ಒಂದು ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡವನ್ನು ತಡೆಯಬೇಕು. ಎರಡು ಬಕೆಟ್ ನೀರು ಹೆಚ್ಚಾದರೆ ಆ ಇಪ್ಪತ್ತು ಇಪ್ಪತ್ತಾಗಿ ಉಳಿಯುವುದಿಲ್ಲ, ಚೀಲದ ಮೇಲೆ ಯಾವ ಹೆಸರಿದ್ದರೂ ಅಷ್ಟೇ.

ಕುಡಿಸುವ ನೀರಿನ ಕಥೆ ಬೇರೆ. ಅದಕ್ಕೇ ಕ್ಯೂರಿಂಗ್ ಎನ್ನುವುದು. ಚಾವಣಿಯ ಮೇಲೆ ಮಾಲಿನಿಂದ ಪುಟ್ಟ ಬದು ಹಾಕಿ, ಗದ್ದೆಯ ಪಾತಿಯಂತೆ ನೀರು ನಿಲ್ಲಿಸುವುದನ್ನು, ಕಂಬಕ್ಕೆ ಗೋಣಿತಟ್ಟು ಸುತ್ತಿ ನೆನೆಸುವುದನ್ನು ನೀವು ನೋಡಿರುತ್ತೀರಿ. ಸಿಮೆಂಟು ಒಣಗಿ ಗಟ್ಟಿಯಾಗುವ ವಸ್ತುವಲ್ಲ, ನೀರಿನ ಜೊತೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುವ ವಸ್ತು. ಆ ಕೂಡಿಕೆ ದಿನಗಟ್ಟಲೆ ನಡೆಯುತ್ತದೆ. ಅಷ್ಟೂ ದಿನ ಅದು ಬಾಯಾರಬಾರದು. ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಿಗೆ 10 ದಿನ; ಬಿರುಬಿಸಿಲಿನ ಒಣಹವೆಯಲ್ಲಿ ಇವೇ 10 ಮತ್ತು 14. ನಮ್ಮ ಅಂಗಡಿಗಳಲ್ಲಿ ಈಗ ಮನೆಗೆ ಕೊಡುವುದು ಹೆಚ್ಚಾಗಿ ಪಿಪಿಸಿ. ಕಲಬುರಗಿಯ ಬೇಸಗೆಯಲ್ಲಿ ಚಾವಣಿ ಹಾಕಿಸಿದವರು ಹದಿನಾಲ್ಕಕ್ಕಿಂತ ಒಂದು ದಿನವೂ ಕಡಿಮೆ ಮಾಡಬಾರದು.

ನಾನು ತಂಗಿಗೆ ಹೇಳಿಕೊಟ್ಟದ್ದು ಇಷ್ಟೇ: "ಕಲಸೋವಾಗ ಜಿಪುಣಿ ಆಗು, ಕುಡಿಸೋವಾಗ ಧಾರಾಳಿ ಆಗು. ಮೇಸ್ತ್ರಿ ಹತ್ರ 'ಸ್ಲಂಪ್ ಜಾಸ್ತಿ ಆಗುತ್ತೆ, ನೀರು ಬೇಡ, ವೈಬ್ರೇಟರ್ ಹಾಕಿ' ಅನ್ನು." ಸ್ಲಂಪ್ ಅಂದರೆ ಹಸಿ ಕಾಂಕ್ರೀಟಿನ ಕುಸಿತ, ಅದರ ತೆಳುವಿನ ಅಳತೆ; ವೈಬ್ರೇಟರ್ ಅದನ್ನು ಅಲುಗಿಸಿ ಕೂರಿಸುವ ಯಂತ್ರ. ಅವಳು ಹಾಗೇ ಅಂದಳು. ಮೇಸ್ತ್ರಿ ಒಂದು ಕ್ಷಣ ಅವಳನ್ನೇ ನೋಡಿ, ಮೇಲಕ್ಕೆ ಕೂಗಿ ನೀರು ನಿಲ್ಲಿಸಿದರಂತೆ. ಆ ಮೇಸ್ತ್ರಿ ಕೆಟ್ಟವರಲ್ಲ. ಗಟ್ಟಿ ಮಾಲನ್ನು ಎಳೆಯುವುದು ಮೈಮುರಿಯುವ ಕೆಲಸ, ಹತ್ತು ಜನ ಬಾಂಡ್ಲಿ ಹೊತ್ತು ಬಿಸಿಲಲ್ಲಿ ನಿಂತಿದ್ದಾರೆ, ಸಂಜೆಯೊಳಗೆ ಮುಗಿಸಬೇಕು. ಮನೆಯವರು ಸುಮ್ಮನಿದ್ದರೆ ಅವರ ಕೈ ಸುಲಭದ ದಾರಿ ಹಿಡಿಯುವುದು ಸಹಜ.

ಮನೆ ಕಟ್ಟಿಸುವ ನಮಗೆ ಯಾವ ಪದಗಳು ಚೆನ್ನಾಗಿ ಬರುತ್ತವೆ? ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್, ವಾರ್ಡ್‌ರೋಬ್, ಫಾಲ್ಸ್ ಸೀಲಿಂಗ್. ಅಂಗಡಿಯವರು ಕೂರಿಸಿ, ಕಾಫಿ ಕೊಟ್ಟು ಕಲಿಸುತ್ತಾರೆ. ಅವೆಲ್ಲ ಕಣ್ಣಿಗೆ ಕಾಣುವಂಥವು, ಬೇಸರವಾದರೆ ಹತ್ತು ವರ್ಷದ ಮೇಲೆ ಬದಲಾಯಿಸಬಹುದು. ಗಾರೆಯ ಒಳಗೆ, ನೆಲದ ಅಡಿಗೆ ಮುಚ್ಚಿಹೋಗುವ ಕೆಲಸದ ಪದಗಳನ್ನು ನಮಗೆ ಯಾರೂ ಕಲಿಸುವುದಿಲ್ಲ. ಮುಚ್ಚಿದ ಮೇಲೆ ನೋಡುವಂತಿಲ್ಲ, ಮನೆ ಒಡೆಯದೆ ಬದಲಾಯಿಸುವಂತಿಲ್ಲ. ಮೊದಲು ಕಲಿಯಬೇಕಾದದ್ದು ಆ ಪದಗಳನ್ನು. ಇವತ್ತು ನಾನು ಹೇಳಬೇಕೆಂದಿರುವುದು ಈ ಒಂದು ಮಾತು.

ಮನೆ ಕಟ್ಟುವ ಕೆಲಸದ ಪದಗಳು ಕನ್ನಡಕ್ಕೆ ಹೊಸವೇನೂ ಅಲ್ಲ. ಬಾಗಿಲು ಎಂಬ ಪದದೊಳಗೆ ಬಾಯಿಯೂ ಇದೆ, ಮನೆ ಎಂಬ ಅರ್ಥದ 'ಇಲ್' ಕೂಡ ಇದೆ. ಬಾಗಿಲು ಮನೆಯ ಬಾಯಿ. ಎರಡು ಕಂಬಗಳ ನಡುವಿನ ಜಾಗ ಅಂಕಣ. ಬಯಲುಸೀಮೆಯಲ್ಲಿ ಮೂರಂಕಣದ ಮನೆ, ಐದಂಕಣದ ಮನೆ ಎಂದು ಅಂಕಣದಲ್ಲೇ ಮನೆಯನ್ನು ಅಳೆಯುತ್ತಿದ್ದರು. ಪತ್ರಿಕೆಯಲ್ಲಿ ನಾವು ಓದುವ ಅಂಕಣವೂ ಅದೇ ಪದ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ತೂಗುಗುಂಡು, ನೆಲ ಸಮವಿದೆಯೇ ಎಂದು ನೋಡಲು ರಸಮಟ್ಟ, ಗಾರೆ ಬಳಿಯಲು ಕರಣೆ. ಹೊರಗಿನಿಂದ ಬಂದು ನಮ್ಮವಾದವೂ ಬಹಳ. ಮೇಸ್ತ್ರಿ ಪೋರ್ಚುಗೀಸರ 'ಮೆಸ್ತ್ರೆ'ಯಿಂದ ಬಂದದ್ದು, ಕಿಟಕಿಯೂ ಸಜ್ಜವೂ ಹಿಂದಿಯ ಕಡೆಯಿಂದ ಬಂದವು. ಪ್ಲಿಂತ್, ಲಿಂಟೆಲ್, ಸೆಂಟ್ರಿಂಗ್ ಇಂಗ್ಲಿಷಿನಿಂದ ಬಂದು ಗಾರೆ ಕೆಲಸದವರ ನಾಲಿಗೆಯ ಮೇಲೆ ಕೂತಿವೆ. ಪಠ್ಯಪುಸ್ತಕಕ್ಕೆಂದು ನಾವು 'ಪ್ರಬಲಿತ ಕಾಂಕ್ರೀಟು' ಎಂದು ಬರೆದೆವು. ಸೈಟಿನಲ್ಲಿ ಅದನ್ನು ಆಡಿದ ಒಬ್ಬರನ್ನೂ ನಾನು ಕಾಣಲಿಲ್ಲ, ಎಲ್ಲರೂ ಆರ್‌ಸಿಸಿ ಎನ್ನುತ್ತಾರೆ. ಪದ ಎಲ್ಲಿಂದ ಬಂತೆಂದು ನನಗೆ ಚಿಂತೆಯಿಲ್ಲ. ಅದರ ಅರ್ಥ ಮೇಸ್ತ್ರಿಯ ಜೊತೆಗೆ ಮನೆಯ ಯಜಮಾನಿಗೂ ಗೊತ್ತಿರಬೇಕು ಎಂಬುದೇ ನನ್ನ ಚಿಂತೆ.

ದುಡ್ಡು ಹೆಚ್ಚು ಕಳೆದುಹೋಗುವುದು ಅಳತೆಯ ಪದಗಳಲ್ಲಿ. ನಮ್ಮಲ್ಲಿ ಕಂಟ್ರಾಕ್ಟರರು ಚದರದ ಲೆಕ್ಕದಲ್ಲಿ ಮಾತಾಡುತ್ತಾರೆ. ಒಂದು ಚದರ ಅಂದರೆ 100 ಚದರ ಅಡಿ. 'ಚದರಕ್ಕೆ ಇಷ್ಟು' ಎಂದಾಗ ಯಾವುದರ ಚದರ ಎಂದು ಕೇಳಬೇಕು. ಪೋರ್ಟಿಕೊ ಸೇರಿತೇ, ಮೆಟ್ಟಿಲಿನ ಮೇಲಿನ ಹೆಡ್‌ರೂಮ್ ಸೇರಿತೇ, ಸಂಪು ಮತ್ತು ಕಾಂಪೌಂಡು ಬೇರೆಯೇ? ಹೊರಗೋಡೆಯ ಹೊರ ಅಂಚಿನಿಂದ ಅಳೆದರೆ ಅದು ಪ್ಲಿಂತ್ ಏರಿಯಾ. ಹೊರ ಅಳತೆ 30 ಅಡಿ, 40 ಅಡಿ ಇರುವ ಮನೆಯನ್ನು ತೆಗೆದುಕೊಳ್ಳಿ. 1200 ಚದರ ಅಡಿ, 12 ಚದರ. ಒಂಬತ್ತಿಂಚಿನ ಹೊರಗೋಡೆಯನ್ನು ಕಳೆದರೆ ಒಳಗೆ ಉಳಿಯುವುದು 28.5 ಮತ್ತು 38.5 ಅಡಿ. ಗುಣಿಸಿ ನೋಡಿ, 1097 ಚದರ ಅಡಿ ಚಿಲ್ಲರೆ. ಒಂದು ಚದರಕ್ಕಿಂತ ಹೆಚ್ಚು ಜಾಗ ಗೋಡೆಯ ಕೆಳಗೇ ಹೋಯಿತು. ಹೀಗೆ ಉಳಿದದ್ದೇ ಹೆಚ್ಚುಕಡಿಮೆ ಕಾರ್ಪೆಟ್ ಏರಿಯಾ. ಫ್ಲಾಟು ಕೊಳ್ಳುವವರು ಇದನ್ನು ಬಾಯಿಪಾಠ ಮಾಡಿಕೊಳ್ಳಬೇಕು, ಏಕೆಂದರೆ 2016ರ ರೇರಾ ಕಾಯ್ದೆ ಈ ಪದಕ್ಕೆ ಕಾನೂನಿನ ಅರ್ಥ ಕೊಟ್ಟಿದೆ. ಹೊರಗೋಡೆ, ಪೈಪುಗಳ ಡಕ್ಟು, ಬಾಲ್ಕನಿ, ತೆರೆದ ತಾರಸಿ ಇದರಲ್ಲಿ ಸೇರುವುದಿಲ್ಲ. ಒಳಗಿನ ಅಡ್ಡಗೋಡೆಗಳ ಜಾಗ ಸೇರುತ್ತದೆ. ಜಾಹೀರಾತಿನಲ್ಲಿ ಬರುವ 'ಸೂಪರ್ ಬಿಲ್ಟ್‌ಅಪ್' ಎಂಬುದರೊಳಗೆ ಲಿಫ್ಟು, ಮೆಟ್ಟಿಲು, ಹಜಾರದ ಪಾಲೆಲ್ಲ ಕೂತಿರುತ್ತದೆ. ಅದೇ ಕಾಯ್ದೆಯಡಿ, ಮನೆ ವಶಕ್ಕೆ ಕೊಟ್ಟ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡು ತಿಳಿಸಿದರೆ, 30 ದಿನದೊಳಗೆ ಬಿಲ್ಡರು ತಮ್ಮ ಖರ್ಚಿನಲ್ಲಿ ಸರಿಮಾಡಿಕೊಡಬೇಕು. ನಮ್ಮ ಸೈಟಿನಲ್ಲಿ ನಾವೇ ಕಂಟ್ರಾಕ್ಟರನ್ನು ಹಿಡಿದು ಕಟ್ಟಿಸಿದರೆ ಈ ರಕ್ಷಣೆ ಇಲ್ಲ. ಅಲ್ಲಿ ನಮ್ಮನ್ನು ಮುಖ್ಯವಾಗಿ ಕಾಯುವುದು ನಮ್ಮ ಕರಾರು ಪತ್ರದಲ್ಲಿ ಬರೆದದ್ದು.

ಈಗ ಮುಚ್ಚಿಹೋಗುವ ಕೆಲಸಗಳ ಮಾತು. ಮೊದಲನೆಯದು ಕವರ್. ಕಾಂಕ್ರೀಟಿನ ಹೊರಮೈಗೂ ಒಳಗಿನ ಕಂಬಿಗೂ ನಡುವೆ ಇರಬೇಕಾದ ದಪ್ಪ ಇದು. ಸಾಧಾರಣ ಹವೆಯಲ್ಲಿ ಚಾವಣಿಗೆ ಕನಿಷ್ಠ 20 ಮಿಲಿಮೀಟರ್, ಕಂಬಕ್ಕೆ 40, ನೆಲದೊಳಗಿನ ಫೂಟಿಂಗಿಗೆ 50. ಕಡಲ ದಂಡೆಯ ಉಪ್ಪುಗಾಳಿಯಲ್ಲಿ ಇನ್ನೂ ಹೆಚ್ಚು. ಕಂಬಿಯನ್ನು ತುಕ್ಕಿನಿಂದ ಕಾಯುವುದು ಈ ದಪ್ಪವೇ. ಹಳೆಯ ಮೋಲ್ಡ್ ಮನೆಗಳ ಬಚ್ಚಲಲ್ಲಿ ಚಾವಣಿ ಸಿಪ್ಪೆಸಿಪ್ಪೆಯಾಗಿ ಉದುರಿ ಕೆಂಪು ಕಂಬಿ ಹಲ್ಲು ಕಿರಿಯುತ್ತಿರುವುದನ್ನು ನೋಡಿದ್ದೀರಲ್ಲ, ಎಷ್ಟೋ ಸಲ ಅದರ ಮೂಲ ಇಲ್ಲಿದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಇದನ್ನು ತಡೆಯಲು ಬೇಕಾದದ್ದು ಕವರ್ ಬ್ಲಾಕ್ ಎಂಬ ಸಣ್ಣ ಬಿಲ್ಲೆ, ಕೆಲವೇ ರೂಪಾಯಿಯದ್ದು. ಅದನ್ನು ಇಡದೆ, ಕಂಬಿಯ ಕೆಳಗೆ ಕೈಗೆ ಸಿಕ್ಕ ಜೆಲ್ಲಿಕಲ್ಲನ್ನು ತುರುಕುತ್ತಾರೆ. ಆಳುಗಳು ಮೇಲೆ ಓಡಾಡಿದಾಗ ಕಲ್ಲು ಜಾರುತ್ತದೆ, ಕಂಬಿ ಹಲಗೆಗೆ ಅಂಟುತ್ತದೆ. ಮೋಲ್ಡ್ ಹಾಕುವ ಹಿಂದಿನ ಸಂಜೆ ಒಮ್ಮೆ ಹತ್ತಿ, ಬಗ್ಗಿ, ಕಂಬಿಯ ಅಡಿ ಬೆಳಕು ಕಾಣುತ್ತದೆಯೇ ನೋಡಿ. ಇಂಜಿನಿಯರು ಬೇರೆ ಕಡೆ ಇದ್ದರೂ ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು.

ಸೆಂಟ್ರಿಂಗ್, ಅಂದರೆ ಹಸಿ ಕಾಂಕ್ರೀಟನ್ನು ಹೊತ್ತ ಹಲಗೆ-ಊರೆಗಳನ್ನು, ಬಿಚ್ಚುವ ದಿನವೂ ಮನೆಯವರು ಅಲ್ಲಿರಬೇಕು. ಹಾಕುವ ದಿನ ಪೂಜೆ ಮಾಡಿ, ಸಿಹಿ ಹಂಚಿ, ಫೋಟೊ ತೆಗೆಸಿಕೊಳ್ಳುತ್ತೇವೆ. ಬಿಚ್ಚುವ ದಿನ ಯಾರೂ ಹೋಗುವುದಿಲ್ಲ. ಸಾದಾ ಸಿಮೆಂಟಾದರೆ ನಾಲ್ಕೂವರೆ ಮೀಟರಿನೊಳಗಿನ ಅಗಲದ ಚಾವಣಿಗೆ ಆನಿಸಿದ ಊರೆಗಳನ್ನು 7 ದಿನಕ್ಕೆ ಮೊದಲು, ಅದಕ್ಕಿಂತ ದೊಡ್ಡದಾದರೆ 14 ದಿನಕ್ಕೆ ಮೊದಲು ತೆಗೆಯಬಾರದು. ಪಿಪಿಸಿಗೆ ಇನ್ನೂ ಹೆಚ್ಚು ದಿನ ಬೇಕು. ಹಲಗೆ ಕಳಚಿದಾಗ ಜೇನುಗೂಡಿನ ಹಾಗೆ ತೂತುತೂತಾದ ಜಾಗ ಕಂಡರೆ ಅಲ್ಲಿ ವೈಬ್ರೇಟರ್ ಸರಿಯಾಗಿ ಆಡಿಲ್ಲ ಎಂದರ್ಥ. ಮಧ್ಯಾಹ್ನದೊಳಗೆ ಅದರ ಮೇಲೆ ಸಿಮೆಂಟು ಸವರಿಬಿಡುತ್ತಾರೆ. ಆಮೇಲೆ ಅದು ಒಳ್ಳೆಯ ಚಾವಣಿಯಂತೆಯೇ ಕಾಣುತ್ತದೆ.

ಗಿಲಾವಿನ ವಿಷಯದಲ್ಲಿ ಎರಡೇ ಪದ ಸಾಕು. ನುಣುಪಾದ ಕಾಂಕ್ರೀಟಿನ ಮೇಲೆ ಗಿಲಾವು ಹಿಡಿಯುವುದಿಲ್ಲ, ಅದನ್ನು ಮೊದಲು ಕೊಚ್ಚಿ ಒರಟು ಮಾಡಬೇಕು; ಅದು ಹ್ಯಾಕಿಂಗ್. ಕಾಂಕ್ರೀಟು ಕಂಬವೂ ಇಟ್ಟಿಗೆ ಗೋಡೆಯೂ ಕೂಡುವಲ್ಲಿ ಕೋಳಿಬಲೆಯಂಥ ಜಾಲರಿ ಬಡಿಯಬೇಕು. ಅದು ಚಿಕನ್ ಮೆಶ್. ಹೊಸ ಮನೆಯಲ್ಲಿ ಗೃಹಪ್ರವೇಶವಾದ ವರ್ಷದೊಳಗೆ ಕಂಬದ ಗುಂಟ ನೆಟ್ಟಗೆ ಬಿರುಕು ಬಿಟ್ಟರೆ ಬಹುಮಟ್ಟಿಗೆ ಆ ಜಾಲರಿ ಹಾಕಿಲ್ಲ. ಅಂಥ ಬಿರುಕಿಗೆ ಹೆದರಬೇಕಿಲ್ಲ. ಕಿಟಕಿಯ ಮೂಲೆಯಿಂದ ಹೊರಟು ಇಟ್ಟಿಗೆಯ ಸಂದಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಇಳಿಯುವ ಬಿರುಕಿಗೆ ಹೆದರಬೇಕು, ಪಾಯ ಒಂದು ಕಡೆ ಕುಸಿಯುತ್ತಿರಬಹುದು. ಆ ಬಿರುಕಿನ ಎರಡು ತುದಿಗೂ ಪೆನ್ಸಿಲಿನಲ್ಲಿ ಗೆರೆ ಹಾಕಿ, ತಾರೀಖು ಬರೆದು, ಮೂರು ತಿಂಗಳು ನೋಡಿ. ಗೆರೆ ದಾಟಿ ಬೆಳೆದರೆ ಪೇಂಟರನ್ನು ಕರೆಯಬೇಡಿ, ಇಂಜಿನಿಯರನ್ನು ಕರೆಯಿರಿ. ಈ ವ್ಯತ್ಯಾಸ ತಿಳಿಯದೆ ಪುಟ್ಟಿ ತುಂಬಿಸಿ ಬಣ್ಣ ಹೊಡೆಸುತ್ತಾ ಹೋದ ಮನೆಗಳನ್ನು ನೋಡಿ ನಾನು ನೊಂದಿದ್ದೇನೆ.

ನನಗೆ ತುಂಬ ಇಷ್ಟವಾದ ಒಂದು ಪದವಿದೆ: ನಹಾನಿ ಟ್ರ್ಯಾಪ್. ನಹಾನಿ ಎಂದರೆ ಮರಾಠಿಯಲ್ಲಿ ಸ್ನಾನದ ಜಾಗ. ಬಚ್ಚಲಿನ ನೆಲದ ಜಾಲರಿಯ ಕೆಳಗೆ ಕೂರುವ, ಬಾಗಿದ ಬಟ್ಟಲು ಅದು. ಸುರಿದ ನೀರೆಲ್ಲ ಹೋದ ಮೇಲೂ ಅದರ ಬಾಗಿನಲ್ಲಿ ಎರಡಿಂಚಿನಷ್ಟು, ಅಂದರೆ ಸುಮಾರು 50 ಮಿಲಿಮೀಟರ್ ನೀರು ನಿಂತೇ ಇರುತ್ತದೆ. ಒಳಚರಂಡಿಯ ಗಾಳಿ, ಜಿರಳೆ, ನಾತ ಮನೆಯೊಳಗೆ ಬಾರದಂತೆ ತಡೆಯುವುದು ಆ ಎರಡಿಂಚು ನೀರು. ಇದಕ್ಕೆ ವಾಟರ್ ಸೀಲ್ ಎನ್ನುತ್ತಾರೆ. ನಾನು ನೀರಿನ ಬೀಗ ಎನ್ನುತ್ತೇನೆ. ಮಕ್ಕಳ ಮನೆಗೆಂದು ಒಂದೆರಡು ತಿಂಗಳು ಊರು ಬಿಟ್ಟು ಬಂದವರು 'ಮನೆ ತುಂಬ ವಾಸನೆ, ಪೈಪು ಒಡೆದಿದೆ' ಎಂದು ನನ್ನನ್ನು ಕರೆಸಿದ್ದಾರೆ. ಪೈಪು ಸರಿಯಾಗಿಯೇ ಇತ್ತು, ಬಾಗಿನ ನೀರು ಆರಿಹೋಗಿತ್ತು. ಒಂದೊಂದು ಬಚ್ಚಲಿಗೂ ಒಂದೊಂದು ಚೊಂಬು ನೀರು ಹಾಕಿ ಬಂದೆ. ಅದೇ ಮನೆಯವರಿಗೆ ಅದಕ್ಕೆ ಮುಂಚೆ ಒಬ್ಬರು ನೆಲ ಅಗೆದು ಪೈಪು ಬದಲಾಯಿಸುವ ಅಂದಾಜು ಪಟ್ಟಿ ಕೊಟ್ಟು ಹೋಗಿದ್ದರು.

ಇನ್ನು ಒಡೆಯುವ ಕೆಲಸ. ಅಡುಗೆಮನೆಯನ್ನೂ ನಡುಮನೆಯನ್ನೂ ಒಂದು ಮಾಡಿಸುವುದು ಈಗ ಎಲ್ಲ ಕಡೆ ನಡೆಯುತ್ತಿದೆ. ಗೋಡೆಗೆ ಸುತ್ತಿಗೆ ಹಾಕುವ ಮೊದಲು ಒಂದೇ ಪ್ರಶ್ನೆ: ಇದು ಭಾರ ಹೊರುವ ಗೋಡೆಯೇ, ಬರೀ ಅಡ್ಡಗೋಡೆಯೇ? ಕಂಬ-ಬೀಮಿನ ಮನೆಯಲ್ಲಿ ಗೋಡೆಗಳು ಜಾಗ ಬೇರೆ ಮಾಡುತ್ತವಷ್ಟೇ. ಕಂಬವಿಲ್ಲದ, ಸೈಜುಗಲ್ಲಿನ ಪಾಯದ ಮೇಲೆ ಒಂಬತ್ತಿಂಚು ಗೋಡೆ ಎಬ್ಬಿಸಿದ ಮನೆಯಲ್ಲಿ ಚಾವಣಿ ಆ ಗೋಡೆಯ ಮೇಲೇ ಕೂತಿರುತ್ತದೆ. ನಮ್ಮ ಬೀದಿಯಲ್ಲೇ ಒಂದು ಮನೆಯಲ್ಲಿ ಅಂಥ ಗೋಡೆಯನ್ನು ಬೆಳಿಗ್ಗೆ ಒಡೆಯಲು ಶುರುಮಾಡಿದ್ದರು. ಹೊತ್ತೇರುವಷ್ಟರಲ್ಲಿ ಮೇಲಿನ ಕೋಣೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಹಾಕಿಕೊಂಡಿತು. ಅದನ್ನು ಕಂಡು ಗಾಬರಿಯಾಗಿ ಕೆಲಸ ನಿಲ್ಲಿಸಿದರು, ಊರೆ ಕೊಟ್ಟರು, ಯಾರಿಗೂ ಏನೂ ಆಗಲಿಲ್ಲ. ಬಾಗಿಲು ಸಿಕ್ಕಿಕೊಳ್ಳದೆ ಇದ್ದಿದ್ದರೆ ಎಂದು ಈಗಲೂ ನೆನೆಯುತ್ತೇನೆ.

ವಿದ್ಯುತ್ತಿನದು ಎರಡು ಮಾತು. ವಿದ್ಯುತ್ತು ಅಳತೆ ಮೀರಿ ಹರಿದಾಗ ಕಡಿಯುವ ಎಂಸಿಬಿ ವೈರನ್ನು ಕಾಯುತ್ತದೆ, ಜೀವವನ್ನಲ್ಲ. ಜೀವ ಕಾಯುವುದು ವಿದ್ಯುತ್ತು ಸೋರಿದೊಡನೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಸರಿಯಾದ ಅರ್ಥಿಂಗಿನ ಜೊತೆಯಲ್ಲಿ. ಗೀಸರ್ ಇರುವ ಪ್ರತಿ ಮನೆಯಲ್ಲೂ ಅದಿರಲೇಬೇಕು.

ಹಳೆಯ ಮನೆ ಉಳಿಸಿಕೊಂಡವರಿಗೂ ಸ್ವಲ್ಪ ಹೇಳಬೇಕು. ಈ ಸಭೆಯಲ್ಲಿ ತೊಟ್ಟಿಮನೆಯವರು, ಹೆಂಚಿನ ಮನೆಯವರು ಇದ್ದೀರಿ ಎಂದು ಬಲ್ಲೆ. ಗಚ್ಚುಗಾರೆ ಎನ್ನುತ್ತೇವಲ್ಲ, ಆ ಗಾರೆ ಸುಣ್ಣದ್ದು. ಸುಣ್ಣ, ಮರಳುಗಳನ್ನು ಎತ್ತು ಕಟ್ಟಿದ ಗಾಣದಲ್ಲಿ ಅರೆದು ಮಾಡುತ್ತಿದ್ದರು. ಅದಕ್ಕೆ ಇಟ್ಟಿಗೆಪುಡಿ ಬೆರೆಸಿದರೆ ಸುರ್ಕಿ. ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ ಗಾರೆಯೇ. ಸುಣ್ಣದ ಗೋಡೆ ತೇವವನ್ನು ಹೀರುತ್ತದೆ, ಮತ್ತೆ ಗಾಳಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟಿನ ಗಿಲಾವು ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಗೋಡೆ ಉಪ್ಪು ಬಿಡುತ್ತದೆ, ಇಟ್ಟಿಗೆ ಪುಡಿಯಾಗುತ್ತದೆ. ಗಟ್ಟಿಯಾಗಲೆಂದು ಮಾಡಿಸಿದ ಕೆಲಸವೇ ಗೋಡೆಯನ್ನು ತಿನ್ನುತ್ತದೆ. ಸುಣ್ಣದ ಗೋಡೆಯ ರಿಪೇರಿ ಸುಣ್ಣದಲ್ಲೇ ಆಗಬೇಕು. ಈ ಕೆಲಸ ಬಲ್ಲ ಕೈಗಳು ಇನ್ನೂ ಇವೆ, ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ.

ಹೆಂಚಿನ ಮಾತು ಬಂದರೆ ಮಂಗಳೂರು ನೆನಪಾಗುತ್ತದೆ. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು ಬಾಸೆಲ್ ಮಿಷನ್. ಕಿಟ್ಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಬಂದದ್ದೂ ಅದೇ ಮಿಷನ್ನಿನಿಂದ. ನಮ್ಮ ಮನೆಯ ಸೂರೂ ನಮ್ಮ ಪದಗಳ ಭಂಡಾರವೂ ಒಂದೇ ಕಡೆಯಿಂದ ಹೊರಟವು. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಪ್ರತಿ ವರ್ಷ ಹೇಳುತ್ತಿದ್ದೆ.

ಪದಗಳ ಭಂಡಾರ ಮಾತ್ರ ಅಲ್ಲಿಗೇ ನಿಂತಿಲ್ಲ. ಚಾವಣಿಯ ಮರಗಳಿಗೆ ಕರಾವಳಿಯವರು ಪಕ್ಕಾಸು, ರೀಪು ಎನ್ನುತ್ತಾರೆ. ಉತ್ತರದವರ ಮಾಳಿಗೆಯಲ್ಲಿ ತೊಲೆ, ಜಂತಿ. ಕೆಂಪು ಕಲ್ಲನ್ನು ಒಂದು ಕಡೆ ಮುರಕಲ್ಲು ಎಂದರೆ ಇನ್ನೊಂದು ಕಡೆ ಜಂಬಿಟ್ಟಿಗೆ. ರಾಯಚೂರು, ಯಾದಗಿರಿಯಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದ ಹೆಣ್ಣುಮಕ್ಕಳು ತಮ್ಮೂರಿನ ಪದಗಳನ್ನು ತಲೆಯ ಮೇಲಿನ ಬಾಂಡ್ಲಿಯ ಜೊತೆ ಹೊತ್ತು ತಂದಿದ್ದಾರೆ. ಈಗ ಬಿಹಾರ, ಒಡಿಶಾದ ಹುಡುಗರ ಜೊತೆ ನಿಂತು ಅದೇ ಕಲಸಿದ ಗಾರೆಗೆ 'ಮಸಾಲಾ' ಎನ್ನುವುದನ್ನೂ ಕಲಿತಿದ್ದಾರೆ. ಅವರೊಡನೆ ಒಂದು ಗಳಿಗೆ ನಿಂತು ಮಾತಾಡಿದರೆ ನಾಲ್ಕು ಪುಸ್ತಕದಲ್ಲಿ ಸಿಗದ್ದು ಸಿಗುತ್ತದೆ. ಗೋಡೆಗೆ ನೀರು ಸಾಕಾಯಿತೇ ಎಂದು ತಿಳಿಯುವುದು ಹೇಗೆ ಎಂದು ನನ್ನ ತಂಗಿ ಅವರಲ್ಲೊಬ್ಬರನ್ನು ಕೇಳಿದ್ದಳಂತೆ. "ಇಟ್ಟಂಗಿ ಕುಡಿಯೂ ಸಪ್ಪಳ ನಿಲ್ಲತೈತಲ್ರೀ ಅಕ್ಕಾ, ಆಗ ಸಾಕು" ಅಂದರಂತೆ ಆಕೆ. ಒಣಗಿದ ಇಟ್ಟಿಗೆ ನೀರು ಹೀರುವಾಗ ಸುಂಯ್ ಎನ್ನುವುದನ್ನು ನಾನೂ ಕೇಳಿದ್ದೇನೆ. ಅದನ್ನು ಪಾಠದಲ್ಲಿ ಹೇಳಬೇಕೆಂದು ಮೂವತ್ತು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಮೋಲ್ಡ್ ಹಾಕಿದ ಆ ರಾತ್ರಿಯೇ ತಂಗಿ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು ಮೊದಲ ಸಾಲಿನಲ್ಲಿ 'ಸ್ಲಂಪ್' ಎಂದು ಬರೆದುಕೊಂಡಳು. ಗೃಹಪ್ರವೇಶದ ಹೊತ್ತಿಗೆ ಅರ್ಧ ತುಂಬಿತ್ತು. ಒಂದೊಂದು ಪದ, ಅದರ ಅರ್ಥ, ಯಾರ ಬಾಯಿಂದ ಕೇಳಿದ್ದು, ಯಾವ ಊರಿನವರು ಎಂದು ಬರೆದಿದ್ದಾಳೆ. ಗಿಲಾವಿಗೆ ಮೊದಲು ಪ್ರತಿ ಗೋಡೆಗೂ ಅಳತೆಪಟ್ಟಿ ಹಿಡಿದು ತೆಗೆದ ಫೋಟೊಗಳನ್ನು ನಡುವೆ ಅಂಟಿಸಿದ್ದಾಳೆ. ಯಾವ ಪೈಪು ಎಲ್ಲಿ, ಯಾವ ವೈರು ಎಲ್ಲಿ ಎಂದು. ಮೊಳೆ ಹೊಡೆಯಬೇಕಾದಾಗ ಈಗಲೂ ಮೊದಲು ಆ ಪುಟ ತೆರೆಯುತ್ತಾಳೆ. ಅವಳನ್ನು ಕೇಳಿ ಆ ನೋಟ್‌ಬುಕ್ಕನ್ನು ಇವತ್ತು ತಂದಿದ್ದೇನೆ. ಹೊರಗೆ, ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದೆ, ಪೆನ್ನೂ ಇದೆ. ಸಜ್ಜಕ್ಕೆ, ಜಂತಿಗೆ, ಬೆಳಕಿಂಡಿಗೆ ನಿಮ್ಮ ಊರಿನಲ್ಲಿ ಏನೆನ್ನುತ್ತಾರೋ ಅದನ್ನು, ಊರಿನ ಹೆಸರಿನ ಜೊತೆ, ಬರೆದು ಹೋಗಿ. ಇನ್ನೂ ಸುಮಾರು ತೊಂಬತ್ತು ಪುಟ ಖಾಲಿ ಇದೆ.